ಮೊಳೆಯದ ಬೀಜಕ್ಕೆ ಅಡ್ಡ ನಿಂತ ನೀಲಾಂಬಿಕ

ಬಿತ್ತನೆ ಬೀಜದ ಉದ್ಯಮದಲ್ಲಿ ತಳಿ ಬೆಳೆಸಿದವರಿಗೆ ಹೆಸರುಂಟು, ಮಾರಿದವರಿಗೆ ಕಾರುಂಟು. ಒದ್ದೆ ಕಾಗದ ಬಿಚ್ಚಿ ಕಾಳು ಮೊಳೆತಿದೆಯೇ ಎಂದು ನೋಡುವವರನ್ನು ನೆನೆಯುವವರಿಲ್ಲ. ಶಿಕಾರಿಪುರದ ಹಸಿರುಕದಿರು ಬೀಜ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದು, ಅದರಲ್ಲಿ ಬಹುಕಾಲ ಪ್ರಯೋಗಾಲಯದಲ್ಲಿ ಆ ಕೆಲಸವನ್ನೇ ಮಾಡಿ ನಿವೃತ್ತರಾದ ಶ್ರೀಮತಿ ನೀಲಾಂಬಿಕ ಅವರಿಗೆ ಈ ಅಭಿನಂದನ ಸಂಪುಟವನ್ನು ಅರ್ಪಿಸುತ್ತಿರುವವರು ಕಂಪನಿಯವರಲ್ಲ; ಅಲ್ಲಿನ ಹಮಾಲರು, ಪ್ರಯೋಗಾಲಯದ ಹೆಣ್ಣುಮಕ್ಕಳು, ಸೊರಬದ ಕಡೆಯ ರೈತರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕುಬಟೂರಿನಲ್ಲಿ ಹುಟ್ಟಿದ ನೀಲಾಂಬಿಕ ಅವರು ಸಹಾಯಕಿಯಾಗಿ ಸೇರಿ ಪ್ರಯೋಗಾಲಯದ ಮುಖ್ಯಸ್ಥೆಯಾದರು. ಕಾಳು ಆರಿಸಲು ಬರುತ್ತಿದ್ದ ದುರುಗಮ್ಮನಿಗೆ ಊಟದ ಬಿಡುವಿನಲ್ಲಿ ಅಕ್ಷರ ಕಲಿಸಿ, ಮೇಲಿನವರ ಗೊಣಗಾಟಕ್ಕೆ ಕಿವಿಗೊಡದೆ, ಪರೀಕ್ಷಾ ಸಹಾಯಕಿಯನ್ನಾಗಿ ಮಾಡಿಕೊಂಡವರು ಅವರು.

ಮೂರು ವರ್ಷದ ಹಿಂದೆ, ಖರೀದಿ, ದಾಸ್ತಾನು, ರವಾನೆ ಎಲ್ಲವನ್ನೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರುವ ಇಆರ್‌ಪಿ ಬಂತು. ನೀಲಾಂಬಿಕ ಅದನ್ನು ವಿರೋಧಿಸಿದರೆಂದು ಹೇಳುವುದು ಹಸಿ ಸುಳ್ಳು. ಅದನ್ನು ಅಳವಡಿಸಲು ಬಂದಿದ್ದ ಎಂಜಿನಿಯರ್ ಅಭಿಜ್ಞನ ಪಕ್ಕದಲ್ಲಿ ಎರಡು ವಾರ ಕೂತು, ಐವತ್ತೇಳನೆಯ ವಯಸ್ಸಿನಲ್ಲಿ ಅವರು ಎಲ್ಲವನ್ನೂ ಕಲಿತರು. ಕಲಿತದ್ದರಿಂದಲೇ ಕಂಡರು: ಹೊಸ ವ್ಯವಸ್ಥೆಯಲ್ಲಿ ಮೊಳಕೆ ಪ್ರಮಾಣಕ್ಕೆ ಜಾಗವೇ ಇರಲಿಲ್ಲ. ತಳಿ ಮತ್ತು ತೂಕ ಇದ್ದರೆ ಸಾಕು, ಚೀಲ ರವಾನೆಗೆ ಸಿದ್ಧ.

"ಅದನ್ನ ಎರಡನೇ ಹಂತದಲ್ಲಿ ಸೇರಿಸ್ತೀವಿ ಮೇಡಂ," ಎಂದ ಅಭಿಜ್ಞ. ನೀಲಾಂಬಿಕ ವ್ಯವಸ್ಥಾಪಕ ಚಂದ್ರಶೇಖರಪ್ಪನವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ.

ಮೇ ತಿಂಗಳು, ಬಿತ್ತನೆಯ ಹೊಸ್ತಿಲು. ವ್ಯವಸ್ಥೆ ಚಾಲೂ ಆದ ಮೂರನೆಯ ದಿನ ಸೊರಬದ ಅಂಗಡಿಗಳಿಗೆ ಹೋಗುವ ಮೆಕ್ಕೆಜೋಳದ ಪಟ್ಟಿಯನ್ನು ನೀಲಾಂಬಿಕ ನೋಡಿದರು. ಮೊಳಕೆ ಸಾಲದೆಂದು ಮಾರ್ಚಿನಲ್ಲಿ ತಾವೇ ತಿರಸ್ಕರಿಸಿದ್ದ ಚೀಲಗಳು ಅದರಲ್ಲಿದ್ದವು. ಓಡಿಹೋಗಿ ಹಮಾಲರ ಹಿರಿಯ ಹುಲಿಯಪ್ಪನಿಗೆ ಲಾರಿ ತುಂಬುವುದನ್ನು ನಿಲ್ಲಿಸಲು ಹೇಳಿದರು. ಅವನು ಹೆಗಲ ಮೇಲಿನ ಚೀಲ ಇಳಿಸಿದ.

ಚಂದ್ರಶೇಖರಪ್ಪ ಕೂಗಾಡಿದರು. "ಏನ್ರೀ ಇದು? ಸ್ಕ್ರೀನ್ ಮೇಲೆ ಸ್ಟಾಕ್ ಐತೆ ಅಂತ ತೋರಿಸ್ತೈತಲ್ರೀ!"

ಆ ವಾರ ಮತ್ತೊಮ್ಮೆ ಪರೀಕ್ಷೆಗೆ ಇಟ್ಟಿದ್ದ ಒದ್ದೆ ಕಾಗದವನ್ನು ನೀಲಾಂಬಿಕ ಚಂದ್ರಶೇಖರಪ್ಪನವರ ಮೇಜಿನ ಮೇಲೆ ಬಿಚ್ಚಿದರು. "ನೂರು ಕಾಳಿಗೆ ಮೂವತ್ನಾಲ್ಕು ಮೊಳಕೆ. ನೀವೇ ಎಣಿಸ್ರಿ."

"ಮೂರನೇ ದಿನಕ್ಕೇ ಸಿಸ್ಟಮ್ ಕೆಟ್ಟೈತೆ ಅಂತ ಹೆಡ್ಡಾಫೀಸಿಗೆ ಹೇಳ್ಲೇನು?"

"ಹಂಗೇ ಹೇಳ್ರಿ. ಬಿತ್ತೋದು ಸಿಸ್ಟಮ್ ಅಲ್ರೀ, ರೈತ."

ಆ ಲಾರಿ ನಿಂತಿತು. ಆದರೆ ಹಿಂದಿನ ದಿನವೇ ಅದೇ ಬೀಜ ಹೊತ್ತ ಒಂದು ಲಾರಿ ಹೋಗಿತ್ತು. ನೀಲಾಂಬಿಕ ಸಿಕ್ಕ ಬಸ್ಸು ಹಿಡಿದು ಸೊರಬಕ್ಕೆ ಹೋಗಿ, ಅಂಗಡಿ ಅಂಗಡಿ ತಿರುಗಿ, ಕೈಮುಗಿದು, ಕೆಲವೆಡೆ ಜಗಳವಾಡಿ, ಬಹುಪಾಲು ಚೀಲಗಳ ಮಾರಾಟ ನಿಲ್ಲಿಸಿದರು. ಬಂದಳಿಕೆಯ ರೈತ ಧರ್ಮಪ್ಪ ಮಾತ್ರ ಅಷ್ಟರಲ್ಲಿ ನಾಲ್ಕು ಎಕರೆ ಬಿತ್ತಿಯಾಗಿತ್ತು. ಸಾಲುಗಳು ಬೋಳಾಗಿ ನಿಂತಾಗ ಮಳೆಯದೇ ತಪ್ಪು ಎಂದಿತು ಕಂಪನಿ. ನೀಲಾಂಬಿಕ ತಮ್ಮ ಮೊಳಕೆ ಪರೀಕ್ಷೆಯ ರಿಜಿಸ್ಟರ್ ಹಿಡಿದು ಆ ಹೊಲದಲ್ಲಿ ನಿಂತರು. ಕಳಿಸಿದ ಬೀಜ ಸತ್ತ ಬೀಜವೆಂದು ಸಹಿ ಹಾಕಿ ಬರೆದುಕೊಟ್ಟರು. ಕಂಪನಿ ಬೇರೆ ಬೀಜ ಕೊಡಲೇಬೇಕಾಯಿತು. ಧರ್ಮಪ್ಪನ ಬಿತ್ತನೆ ಇಪ್ಪತ್ತು ದಿನ ಹಿಂದೆ ಬಿತ್ತು, ಫಸಲು ಅರ್ಧವಾಯಿತು.

ನೀಲಾಂಬಿಕ ಅವರಿಗೆ ಸಿಕ್ಕದ್ದು, ವ್ಯವಸ್ಥೆಯ ಅನುಷ್ಠಾನಕ್ಕೆ ಅಡ್ಡಿಪಡಿಸಿದರೆಂಬ ನೋಟಿಸು ಮತ್ತು ಸೊರಬದ ಗೋದಾಮಿಗೆ ವರ್ಗ. ಏಳು ತಿಂಗಳ ಮೇಲೆ ಮೊಳಕೆ ಪ್ರಮಾಣ ಕಂಪ್ಯೂಟರಿಗೆ ಸೇರಿತು. ಅದು ನಮೂದಾಗದೆ ಈಗ ಒಂದು ಚೀಲವೂ ಹೊರಡುವುದಿಲ್ಲ. ಆ ಸಾಧನೆಗೆ ಸಭೆ ನಡೆಯಿತು, ಹಾರ ಬಿದ್ದದ್ದು ಚಂದ್ರಶೇಖರಪ್ಪನವರ ಕೊರಳಿಗೆ. ನೀಲಾಂಬಿಕ ಅವರನ್ನು ಕಾಣಲು ಸೊರಬಕ್ಕೆ ಬಂದವನು ಅಭಿಜ್ಞನೊಬ್ಬನೇ.

"ನಿಮ್ಮ ಪತ್ರ ಓದಿದ್ರೆ ಸಾಕಿತ್ತು ಮೇಡಂ."

"ಓದಿದ್ರಪ್ಪಾ. ಓದಿ ಮುಚ್ಚಿಟ್ರು," ಎಂದರು ನೀಲಾಂಬಿಕ. ಆಮೇಲೆ ಅವನಿಗೆ ಚಹಾ ತರಿಸಿದರು.

ನಿವೃತ್ತಿಯ ದಿನ ಕಂಪನಿ ಕೊಟ್ಟ ಪ್ರಶಸ್ತಿಪತ್ರದಲ್ಲಿ 'ಬದಲಾವಣೆಗೆ ಹೊಂದಿಕೊಂಡವರು' ಎಂದು ಅಚ್ಚಾಗಿತ್ತು. ಅದನ್ನು ಅವರು ಅಲ್ಲಿಯೇ ಮೇಜಿನ ಮೇಲೆ ಬಿಟ್ಟು ಬಂದರು.

ಈಗ ಶಿಕಾರಿಪುರದ ಅವರ ಮನೆಯ ಪಡಸಾಲೆಗೆ ರೈತರು ಹಿಡಿ ಹಿಡಿ ಬೀಜ ತಂದು ಪರೀಕ್ಷೆ ಮಾಡಿಸಿಕೊಂಡು ಹೋಗುತ್ತಾರೆ. ಆ ಮೇ ತಿಂಗಳ ಮಾತು ಬಂದರೆ ನೀಲಾಂಬಿಕ ಅವರ ಧ್ವನಿ ಇಂದಿಗೂ ಏರುತ್ತದೆ. ಮರೆತುಬಿಡಿ ಎನ್ನುವ ಧೈರ್ಯ ನಮಗಿಲ್ಲ, ಮನಸ್ಸೂ ಇಲ್ಲ. ಅವರ ಆಯುಷ್ಯ ದೊಡ್ಡದಾಗಲಿ, ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಆ ಸಿಟ್ಟೂ ಆರದಿರಲಿ.