ಮಹಾದೇವಿ ತಿದ್ದಿದ ಸಾಲುಗಳು

ಬೆಳಿಗ್ಗೆ ಫೋನಿಗೆ ಒಂದು ಪಟ್ಟಿ ಬಂತು. ಪ್ರಾಣಿಗಳ ಡಿಎನ್‌ಎ ಓದಿ ಹೋಲಿಸುವ ತಂತ್ರಾಂಶವೊಂದರ ಹೊಸ ಆವೃತ್ತಿ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದವರಿಗೆಲ್ಲ ಕೃತಜ್ಞತೆ. ಅದರಲ್ಲಿ ನನ್ನ ಹೆಸರು. ಮೈ ಉರಿಯಿತು. ಅದರ ಒಂದು ಸಾಲನ್ನೂ ನಾನು ಬರೆದಿಲ್ಲ.

ನನ್ನ ಹೆಸರಿನಲ್ಲಿರುವ ತಿದ್ದುಪಡಿ ಬರೆದವಳು ಮಹಾದೇವಿ, ಬನಹಟ್ಟಿಯ ನೇಕಾರರ ಮನೆಯವಳು. ಜಮಖಂಡಿಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದಾಗ ನಮ್ಮ ಪ್ರಯೋಗಾಲಯದ ಸಹಾಯಕಿ. ಬೀಳಗಿ ಕಡೆಯ ಕುರಿಗಳ ರಕ್ತದ ಮಾದರಿ ತಂದಿದ್ದೆವು. ಅಂದು ಸುಡುಬಿಸಿಲು ಎಂದು ಬರೆಯಹೊರಟೆ. ಇತ್ತೋ ಇಲ್ಲವೋ, ಬಿಡಿ. ನನ್ನ ನೆನಪಿಗೆ ಅಲಂಕಾರದ ಚಟವಿದೆ.

ಈ ತಂತ್ರಾಂಶ ಕೊಟ್ಟ ಫಲಿತಾಂಶ ನೋಡಿ ನಾನು ತಲೆದೂಗಿದೆ. ಮಹಾದೇವಿ ನಕ್ಕಳು. “ಮೂರು ಟಗರು ಕೂಡಿ ಒಂದ ಆಗ್ಯಾವ ನೋಡ್ರಿ. ಇದಕ್ಕ ಕುರಿ ಎಣಸಾಕ ಬರೂದಿಲ್ರಿ ಸರ. ನಿಮಗೂ ಅಷ್ಟ.”

ಮೂರು ಹಿಂಡಿನ ಟಗರುಗಳಿಗೂ ನಾನು ಬೀರ್ಯಾ ಎಂದೇ ಬರೆದುಕೊಂಡಿದ್ದೆ. ಕುರಿಗಾರ ಅಜ್ಜ ಹೇಳಿದ್ದೇ ಹಾಗೆ: “ಬೀರಪ್ಪಗ ಬಿಟ್ಟ ಟಗರಿಗೆ ಬೀರ್ಯಾ ಅನ್ನದ ಮತ್ತೇನಂತಾರ್ರಿ ಮಾಸ್ತರ?” ಹೆಸರು ಒಂದೇ ಎಂದು ತಂತ್ರಾಂಶ ಮೂರನ್ನೂ ಒಂದು ಮಾಡಿತ್ತು.

ಅವಳು ನಾಲ್ಕು ದಿನ ಕೂತು ತಂತ್ರಾಂಶವನ್ನೇ ತಿದ್ದಿದಳು. ಹೆಸರು ಒಂದೇ ಆದರೂ ಹಿಂಡು ಬೇರೆಯಾದರೆ ಪ್ರಾಣಿ ಬೇರೆ. ಇದ್ದದ್ದು ಒಂದು ಕಂಪ್ಯೂಟರು. ಅದರಲ್ಲಿ ಸದಾ ತೆರೆದಿರುತ್ತಿದ್ದದ್ದು ನನ್ನ ಖಾತೆ. ತಂತ್ರಾಂಶದವರಿಗೆ ಅವಳು ಕಳಿಸಿದ್ದೆಲ್ಲ ನನ್ನ ಹೆಸರಿನಲ್ಲಿ ಹೋಯಿತು. “ಮುಂದ ನಿನ್ನ ಹೆಸರ ಹಾಕಿಸೋಣಂತ” ಎಂದಿದ್ದೆ. ಎಂದಿದ್ದೆನೇ? ನನ್ನನ್ನು ಕಾಪಾಡಲು ಈ ಮಾತು ಆಮೇಲೆ ಹುಟ್ಟಿಕೊಂಡಿರಬಹುದು.

ಈಗ ಅವಳು ಸಂಶೋಧನೆಯ ಹುದ್ದೆಯೊಂದಕ್ಕೆ ಅರ್ಜಿ ಹಾಕಿದ್ದಾಳೆ. ಮಾಡಿದ ಕೆಲಸ ತೋರಿಸು ಎಂದಿದ್ದಾರೆ. ತೋರಿಸಹೋದರೆ ಕಾಣುವುದು ನಾನು. ನನ್ನ ಹೆಸರು ತೆಗೆದು ಅವಳದು ಹಾಕಿ ಎಂದು ತಂತ್ರಾಂಶ ನೋಡಿಕೊಳ್ಳುವವರಿಗೆ ಕಳೆದ ವಾರ ಬರೆದೆ. ಹಳೆಯ ದಾಖಲೆ ಬದಲಿಸಲಾಗದು, ವಿಜ್ಞಾನದಲ್ಲಿ ಹೆಸರು ದೊಡ್ಡದಲ್ಲ ಎಂದು ಉತ್ತರ. ಕೆಳಗೆ ಬರೆದವರ ಹೆಸರು, ಪದವಿ, ಪ್ರಶಸ್ತಿ, ನಾಲ್ಕು ಸಾಲು. ನೀವೇ ಹೇಳಿ, ಇದಕ್ಕೆ ಏನೆನ್ನುವುದು? ಇಷ್ಟು ವರ್ಷ ನಾನೂ ಹೀಗೆಯೇ ಆರಾಮಾಗಿ ಇದ್ದೆನಲ್ಲ!

ಪಟ್ಟಿ ನೋಡಿದ ಸಿಟ್ಟಿನಲ್ಲೇ ಅವಳಿಗೆ ಫೋನು ಹಚ್ಚಿದೆ. “ಎಲ್ಲಾರಿಗೂ ಕಾಣೂ ಹಂಗ ಬರೀತೇನಿ, ಮಹಾದೇವಿ. ಬಿಡೂದಿಲ್ಲ.”

“ನೀವು ಬರದ್ರ ಅದೂ ನಿಮ್ಮ ಹೆಸರಿನ್ಯಾಗ ಹೋಗತೈತ್ರಿ ಸರ. ನಾನ ಬರದೇನಿ. ನೋಡ್ರಿ.”

ನೋಡಿದೆ. ತಂತ್ರಾಂಶದ ಪುಟದಲ್ಲಿ, ಅವಳದೇ ಖಾತೆಯಿಂದ: “ಈ ತಿದ್ದುಪಡಿ ನನ್ನದು, ತಮ್ಮ ಹೆಸರಿನಲ್ಲಿ ಹೋದದ್ದು ಗೊತ್ತಿದ್ದೂ ಸುಮ್ಮನಿದ್ದವರು ನಮ್ಮ ಸರ್.” ಮುಂದೆ ನನ್ನ ಪೂರ್ತಿ ಹೆಸರು. ಕಪಾಳಕ್ಕೆ ಬಿದ್ದಂತಾಯಿತು. ಒಂದೇ ಕಂಪ್ಯೂಟರು, ಆಗ ಹಾಗಿತ್ತು, ಯಾರಿಗೂ ಗೊತ್ತಿರಲಿಲ್ಲ ಎಂದು ಅರ್ಧ ಪುಟ ವಿವರಣೆ ಬರೆದೆ. ಅಳಿಸಿದೆ. ಅವಳ ಮಾತಿನ ಕೆಳಗೆ “ಹೌದು” ಎಂದಷ್ಟೇ ಬರೆದು ಕಳಿಸಿದೆ.