ಬಾವಲಿಗಳಿಗೆ ಕಾವಲಾದ ಪಟಗಳು

ಜರಗನಹಳ್ಳಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಒಂದು ಅರಳಿಕಟ್ಟೆ ಇದೆ. ಮರದ ಮೇಲೆ ಬಾವಲಿಗಳು, ಬುಡದಲ್ಲಿ ಜನ ತಂದಿಟ್ಟುಹೋದ ಹಳೆಯ ದೇವರ ಪಟಗಳು. ಗಾಜು ಒಡೆದದ್ದು, ಗೆದ್ದಲು ತಿಂದದ್ದು, ಮನೆ ಬದಲಿಸುವಾಗ ಹೆಚ್ಚಾದದ್ದು. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸಕ್ಕೆ ಹಾಕುವಂತಿಲ್ಲ. ಕಟ್ಟೆಗೆ ಒರಗಿಸಿ ಕೈಮುಗಿದು ಹೊರಟುಬಿಡುತ್ತಾರೆ. ಗಾಜಿನ ಚೂರು ಕಾಲಿಗೆ ಚುಚ್ಚಿದಾಗಲೆಲ್ಲ ನಾನು ಅವರಿಗೆ ಹಿಡಿಶಾಪ ಹಾಕುತ್ತಿದ್ದೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮರದ ಮೇಲಿನವರೇ ನನಗೆ ನೆಂಟರು. ಸಂಜೆ ಅವು ಬನ್ನೇರುಘಟ್ಟದ ಕಾಡಿನ ಕಡೆ ಹಾರುವುದನ್ನು ನೋಡದಿದ್ದರೆ ಕಾಫಿ ಕುಡಿದ ಹಾಗೇ ಆಗುವುದಿಲ್ಲ. ಉಳಿದವರಿಗೆ ಬಾವಲಿ ಎಂದರೆ ಕಾರಿನ ಮೇಲೆ ಬೀಳುವ ಹಿಕ್ಕೆ ಮಾತ್ರ.

ಕಳೆದ ವರ್ಷ ನಿವಾಸಿಗಳ ಸಂಘದ ಮೀಟಿಂಗಿನಲ್ಲಿ, ಮರದ ದೊಡ್ಡ ಕೊಂಬೆಗಳನ್ನೆಲ್ಲ ಕಡಿಸಿಬಿಡೋಣ ಎಂಬ ಮಾತು ಬಂತು. ಕೊಂಬೆ ಹೋದರೆ ಬಾವಲಿಗಳೂ ಹೋದವು ಎಂದೇ ಅರ್ಥ.

“ಅವಕ್ಕೆ ಅಂತಾನೇ ಸರ್ಕಾರ ಅಷ್ಟು ದೊಡ್ಡ ಕಾಡು ಇಟ್ಟಿದೆಯಲ್ಲ ಮೇಡಂ, ಅಲ್ಲಿಗೇ ಹೋಗ್ಲಿ ಬಿಡಿ,” ಎಂದರು ಅಧ್ಯಕ್ಷರು.

“ಕಾಡಲ್ಲಿ ಹಣ್ಣು ತಿಂತಾವೆ ಸಾರ್, ಮಲಗೋದು ಇಲ್ಲಿ. ಅವೇನು ಬೇಲಿ ನೋಡ್ಕೊಂಡು ಹಾರ್ತವಾ? ಹಗಲು ಮಲಗೋ ಈ ಮರ ಕಾಯದೆ ಬರೀ ಆ ಕಾಡು ಕಾದ್ರೆ ಏನ್ ಬಂತು?”

ನನ್ನ ದನಿ ಏರಿತು. ಪಾಠ ಮಾಡಿದ ಚಾಳಿ. ಎಷ್ಟೋ ಜಾತಿಯ ಸಣ್ಣ ಬಾವಲಿಗಳಿಗೆ ಕಾಡೇ ದಿಕ್ಕು, ನಿಜ. ಆದರೆ ಈ ದೊಡ್ಡ ಹಣ್ಣುಬಾವಲಿಗಳು ಊರೊಳಗಿನ ಹಳೆಯ ಮರಗಳನ್ನೇ ನಂಬಿಕೊಂಡವು. ಎಲ್ಲ ಬಿಡಿಸಿ ಹೇಳಿದೆ. ಎಲ್ಲರೂ ಗೌರವದಿಂದ ಕೇಳಿ, ಕಡಿಸುವುದಕ್ಕೇ ಕೈ ಎತ್ತಿದರು.

ಪಾಲಿಕೆಯ ಅನುಮತಿಯೂ ಸಿಕ್ಕಿತು. ಒಂದು ಬೆಳಿಗ್ಗೆ ಹಗ್ಗ, ಗರಗಸ ಹಿಡಿದು ಕೆಲಸದವರು ಬಂದರು. ನಾನು ಗೇಟಿನಲ್ಲಿ ನಿಂತಿದ್ದೆ. ಮೇಸ್ತ್ರಿ ಬುಡ ನೋಡಿ ಹಿಂದೆ ಸರಿದ.

“ದೇವ್ರ ಮೇಲೆ ಕೊಂಬೆ ಬೀಳ್ಸೋಕಾಗಲ್ಲ ಸಾರ್. ಪಟ ತೆಗೆಸಿ ಮೊದ್ಲು.”

“ನೀವೇ ಪಕ್ಕಕ್ಕಿಡ್ರಪ್ಪ,” ಎಂದರು ಅಧ್ಯಕ್ಷರು.

“ನಾವು ಮುಟ್ಟಲ್ಲ. ಯಾರ್ ತಂದಿಟ್ರೋ ಅವ್ರೇ ಮನೆಗೆ ತಗೊಂಡ್ ಹೋಗ್ಲಿ.”

ಅರ್ಧ ಅಪಾರ್ಟ್‌ಮೆಂಟು ಅಲ್ಲೇ ನಿಂತಿತ್ತು. ಒಬ್ಬರೂ ಕದಲಲಿಲ್ಲ. ಕಳಿಸಿಕೊಟ್ಟ ದೇವರನ್ನು ಮತ್ತೆ ಮನೆಯೊಳಗೆ ಕರೆದುಕೊಳ್ಳುವ ಧೈರ್ಯ ಯಾರಿಗಿದೆ? ಅಧ್ಯಕ್ಷರು ರೇಗಿ ತಾವೇ ಒಂದು ಪಟಕ್ಕೆ ಕೈ ಹಾಕಿದರು.

“ರೀ, ಬೇಡ,” ಎಂದರು ಅವರ ಹೆಂಡತಿ. “ಅದು ನಮ್ದೇ. ಅತ್ತೆ ಪೂಜೆ ಮಾಡ್ತಿದ್ದ ಲಕ್ಷ್ಮಿ. ಗಾಜು ಒಡೀತು ಅಂತ ನಾನೇ ತಂದಿಟ್ಟೆ.”

ಬಗ್ಗಿದ್ದ ಅಧ್ಯಕ್ಷರು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಚಪ್ಪಲಿ ಬಿಟ್ಟು, ತಾಯಿಯ ಲಕ್ಷ್ಮಿಗೆ ಕೈಮುಗಿದು, ಕೆಲಸದವರನ್ನು ವಾಪಸ್ ಕಳಿಸಿದರು. ಕಡಿಸುವ ಮಾತನ್ನು ಮತ್ತೆ ಯಾರೂ ಎತ್ತಿಲ್ಲ.

ನನ್ನ ಓದು ಉಳಿಸಲಾಗದ ಮರವನ್ನು ಒಡೆದ ಗಾಜಿನ ದೇವರುಗಳು ಉಳಿಸಿಕೊಟ್ಟರು. ಅವರನ್ನು ತಂದಿಟ್ಟ ಅಷ್ಟೂ ಮನೆಯವರು ಚೆನ್ನಾಗಿರಲಿ ಎಂದು ಮನಸಾರೆ ಹರಸಿದೆ.

ಆ ಸಂಜೆ ಬಾವಲಿಗಳು ಹೊರಟಾಗ ಅಧ್ಯಕ್ಷರು ನನ್ನ ಪಕ್ಕದಲ್ಲಿ ಬಂದು ನಿಂತರು. ಕೊನೆಯದು ಮರೆಯಾಗುವವರೆಗೂ ನೋಡಿದರು.

“ಬೆಳಗಿನ ಗಲಾಟೆಗೆ ಹೆದ್ರಿಕೊಂಡಿರ್ತವೆ,” ಎಂದರು. “ವಾಪಸ್ ಬರ್ತವೆ ತಾನೆ ಮೇಡಂ?”