ಡಾಂಬರಿನಡಿಯ ದೂರು

"ಊರಿನ ರಾಜಕೀಯ ಅಂದ್ರೆ ನಲ್ಲಿ ನೀರು ಕಣ್ರೀ, ಮಿಕ್ಕಿದ್ದೆಲ್ಲ ಬರೀ ಬೊಗಳೆ" ಎನ್ನುತ್ತಿದ್ದ ಕೌನ್ಸಿಲರ್ ದಿನಾ ಬೆಳಿಗ್ಗೆ ಮನೆಮನೆಯ ಮುಂದೆ ನಿಂತು ನೀರು ಬಂತಾ ಎಂದು ವಿಚಾರಿಸುತ್ತಿದ್ದರು. ರಸ್ತೆ ಅಗಲ ಮಾಡಲು ಸಭೆಯಲ್ಲಿ ಮೊದಲು ಕೈ ಎತ್ತಿದವರೂ ಅವರೇ. ಮೂಲೆಮನೆ ಅಜ್ಜಿಯ ಗೋಡೆ ಉರುಳಿ, ಮನೆಯಿದ್ದ ಜಾಗ ಡಾಂಬರಿನಡಿ ಸೇರಿತು. ಅದೇ ಕೊರಗಿನಲ್ಲಿ ಅಜ್ಜಿಯೂ ಕಣ್ಣು ಮುಚ್ಚಿದರು.

ಹೊಸ ರಸ್ತೆಯಾದರೂ ಹಳೇ ಚಾಳಿ ಬಿಡಬೇಕಲ್ಲ! ಆ ಮೂಲೆ ಬಂದದ್ದೇ ಕೌನ್ಸಿಲರ್ ಬಾಯಿ ತಾನಾಗಿ ಕೇಳಿತು: "ಅಜ್ಜಿ, ನೀರು ಬಂತಾ?"

"ಇಲ್ಲ ಕಣಪ್ಪಾ, ಗಂಟಲು ಒಣಗಿದೆ." ಡಾಂಬರಿನ ಅಡಿಯಿಂದ, ಅಜ್ಜಿಯದೇ ದನಿ.

"ನಾಳೆ ಬಿಡಿಸ್ತೀನಿ" ಎಂದುಬಿಟ್ಟಿತು ಅದೇ ಬಾಯಿ.

ಮರುದಿನ ಅವರು ಆ ಕಡೆ ತಲೆ ಹಾಕಲೇ ಇಲ್ಲ. ತಮ್ಮ ಮನೆಯ ಬಾಗಿಲು ಭದ್ರಪಡಿಸಿ, ಮುಖ ತೊಳೆಯಲು ಅಡುಗೆಮನೆಯ ನಲ್ಲಿ ತಿರುಗಿಸಿದರು. ಹನಿಯೂ ಬೀಳಲಿಲ್ಲ. ಕೊಳವೆಯೊಳಗಿಂದ ಯಾರೋ ಅಕ್ಕರೆಯಿಂದ ವಿಚಾರಿಸಿದರು:

"ನಿನಗೆ ಬಂತೇನಪ್ಪಾ ನೀರು?"